ಶಾಫ್ಟಿಗೆ ಮೆಟ್ಟಿಲುಗಳೇಕೆ?

ತಿರುಗುವ ಯಂತ್ರ ಯಾವುದನ್ನೇ ನೋಡಿ, ಅದರ ನಡುವೆ ಒಂದು ಉಕ್ಕಿನ ದಂಡವಿರುತ್ತದೆ. ಹಿಟ್ಟಿನ ಗಿರಣಿಯ ಕಲ್ಲು, ಬಾವಿಯ ಪಂಪಿನ ಚಕ್ರ, ಮೇಜಿನ ಮೇಲಿನ ಬೀಸಣಿಗೆ, ಕಬ್ಬು ಅರೆಯುವ ಗಾಣದ ಉರುಳೆ ಇವೆಲ್ಲವೂ ಒಂದೊಂದು ದಂಡವನ್ನು ಆಶ್ರಯಿಸಿಯೇ ತಿರುಗುತ್ತವೆ. ಈ ದಂಡಕ್ಕೆ ಶಾಫ್ಟು ಎಂದು ಹೆಸರು. ಹೊರಗಿನಿಂದ ನೋಡುವವರಿಗೆ ಅದು ಕಾಣುವುದೇ ಅಪರೂಪ. ಕಂಡರೂ ಅದರಲ್ಲಿ ಯೋಚಿಸಬೇಕಾದದ್ದು ಏನೂ ಇದ್ದಂತೆ ತೋರುವುದಿಲ್ಲ. ಒಂದು ಕಬ್ಬಿಣದ ಸಲಾಕೆಯಲ್ಲಿ ಅಂಥ ವಿಜ್ಞಾನವಾದರೂ ಏನಿದ್ದೀತು?

ಕೆಲವು ವರ್ಷಗಳ ಹಿಂದೆ ನಾವೂ ಹೀಗೆಯೇ ತಿಳಿದಿದ್ದೆವು. ನಮ್ಮ ಆ ತಿಳಿವಳಿಕೆಯನ್ನು ತಿದ್ದಿದವರು ಪ್ರಾಧ್ಯಾಪಕರಲ್ಲ, ಗ್ರಂಥಗಳೂ ಅಲ್ಲ. ಸಣ್ಣದೊಂದು ಕಾರ್ಯಾಗಾರದಲ್ಲಿ ಲೇತಿನ ಮುಂದೆ ನಿಂತು ತಲೆ ನರೆತ ಒಬ್ಬ ಕೆಲಸಗಾರರು. ಅವರಿಂದ ಕಲಿತ ಪಾಠವನ್ನು, ಅದರ ಹಿಂದಿರುವ ಭೌತಶಾಸ್ತ್ರದೊಡನೆ ಸೇರಿಸಿ, ಇಲ್ಲಿ ಓದುಗರ ಮುಂದಿಡುತ್ತೇವೆ.

ಒಂದು ನಕ್ಷೆ, ಒಂದು ಪ್ರಶ್ನೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಫ್ಲೈವ್ಹೀಲಿನ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗಳು ಅನೇಕರಿರಬಹುದು. ಭಾರವಾದ ಚಕ್ರವೊಂದನ್ನು ಅಡ್ಡಲಾಗಿರುವ ಶಾಫ್ಟಿಗೆ ಸಿಕ್ಕಿಸಿ, ಶಾಫ್ಟಿಗೆ ದಾರ ಸುತ್ತಿ, ದಾರದ ತುದಿಗೆ ತೂಕ ಕಟ್ಟಿ ಬಿಟ್ಟರೆ, ತೂಕ ಇಳಿಯುತ್ತ ಹೋದಂತೆ ಚಕ್ರ ವೇಗವಾಗಿ ತಿರುಗುತ್ತದೆ. ಇಳಿದ ಎತ್ತರ, ಹಿಡಿದ ಸಮಯ, ತಿರುಗಿದ ಸುತ್ತು ಇವುಗಳಿಂದ ಚಕ್ರದ ಜಡತ್ವವನ್ನು ಲೆಕ್ಕ ಹಾಕುವುದು ಈ ಪ್ರಯೋಗದ ಉದ್ದೇಶ. ನಮ್ಮಲ್ಲಿದ್ದುದು ಒಂದೇ ಉಪಕರಣ. ಒಬ್ಬ ವಿದ್ಯಾರ್ಥಿ ದಾರ ಸುತ್ತಿದರೆ ಉಳಿದವರು ಸುತ್ತಲೂ ನಿಂತು ನೋಡಬೇಕಾಗಿತ್ತು. ಹೊಸದಾಗಿ ಆರು ಉಪಕರಣಗಳನ್ನು ಮಾಡಿಸೋಣವೆಂದು ನಿಶ್ಚಯಿಸಿ, ಮಂಜೂರಾದ ಅಲ್ಪ ಹಣವನ್ನು ಲೆಕ್ಕವಿಟ್ಟುಕೊಂಡು, ಶಾಫ್ಟಿನ ನಕ್ಷೆಯನ್ನು ನಾವೇ ಬರೆದೆವು.

ಆ ನಕ್ಷೆ ನೋಡುವುದಕ್ಕೆ ಸೊಗಸಾಗಿತ್ತೆಂದೇ ಹೇಳಬೇಕು. ಶಾಫ್ಟಿನ ಉದ್ದ 300 ಮಿಲಿಮೀಟರು. ಚಕ್ರ ಜರುಗದಂತೆ ತಡೆಯಲು ನಡುವೆ 40 ಮಿಲಿಮೀಟರು ದಪ್ಪದ ಒಂದು ಬಳೆ. ಅದರ ಪಕ್ಕದಲ್ಲಿ ಚಕ್ರ ಕೂರುವ 30 ಮಿಲಿಮೀಟರಿನ ಭಾಗ. ಎರಡು ಕಡೆಯೂ 28 ಮಿಲಿಮೀಟರು. ಬೇರಿಂಗು ಕೂರುವಲ್ಲಿ 25. ತುದಿಗಳಲ್ಲಿ 20, ಅಲ್ಲಿ ತಿರುಪು ಮರೆ ಮತ್ತು ನಟ್ಟು. ಚಕ್ರ ಜಾರದಂತೆ ಶಾಫ್ಟಿನಲ್ಲಿ ಒಂದು ತೋಡು, ಅದರಲ್ಲೊಂದು ಕೀ. ಒಟ್ಟು ಐದು ಬಗೆಯ ದಪ್ಪ, ಏಳು ಮೆಟ್ಟಿಲು. ಪ್ರತಿಯೊಂದು ಅಳತೆಯ ಮುಂದೆಯೂ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಿರಕೂಡದೆಂದು ಬರೆದಿದ್ದೆವು.

ಕಾರ್ಯಾಗಾರದ ಹಿರಿಯರು ನಕ್ಷೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಮೇಷ್ಟ್ರೇ, ಇಷ್ಟೊಂದು ಮೆಟ್ಟಿಲು ಯಾತಕ್ಕೆ? ಒಂದೊಂದು ಮೆಟ್ಟಿಲೂ ಏನು ಕೆಲಸ ಮಾಡ್ತದೆ, ಹೇಳಿ ನೋಡೋಣ" ಎಂದರು. ನಾವು ಬಳೆಯ ಕೆಲಸವನ್ನು ಹೇಳಿದೆವು. ಬೇರಿಂಗಿನ ಮೆಟ್ಟಿಲನ್ನೂ ಹೇಗೋ ಸಮರ್ಥಿಸಿದೆವು. ಉಳಿದವು ಏಕಿವೆಯೆಂದು ನಮಗೇ ತಿಳಿಯದು. ಪುಸ್ತಕದ ಚಿತ್ರದಲ್ಲಿ ಇದ್ದವು, ಆದ್ದರಿಂದ ನಮ್ಮ ನಕ್ಷೆಯಲ್ಲೂ ಬಂದಿದ್ದವು. ಅವರು ಹೇಳಿದ ಮಜೂರಿಯ ಮೊತ್ತವನ್ನು ಕೇಳಿದಾಗ, ನಮ್ಮ ಹಣದಲ್ಲಿ ಆರು ಉಪಕರಣಗಳ ಮಾತಿರಲಿ, ಮೂರು ಕೂಡ ಆಗಲಾರವೆಂದು ಗೊತ್ತಾಯಿತು.

ಮೂರರಲ್ಲಿ ಎರಡು ಪಾಲು ಸಿಪ್ಪೆ

ಈ ಖರ್ಚು ಎಲ್ಲಿಂದ ಬಂದಿತು? ಲೇತು ಎಂಬುದು ಕೂಡುವ ಯಂತ್ರವಲ್ಲ, ಕಳೆಯುವ ಯಂತ್ರ. ದಪ್ಪನಾದ ಸಲಾಕೆಯನ್ನು ತಿರುಗಿಸುತ್ತ, ಚೂಪಾದ ಉಳಿಯಿಂದ ಬೇಡದ ಉಕ್ಕನ್ನು ಹೆರೆದು ಹಾಕಿ, ಬೇಕಾದ ರೂಪವನ್ನು ಉಳಿಸಿಕೊಳ್ಳುತ್ತದೆ. ಆದಕಾರಣ ಶಾಫ್ಟಿನ ಅತ್ಯಂತ ದಪ್ಪನಾದ ಭಾಗ ಯಾವುದೋ ಅದಕ್ಕಿಂತ ದಪ್ಪನಾದ ಸಲಾಕೆಯನ್ನೇ ಕೊಳ್ಳಬೇಕು. ನಮ್ಮ ನಕ್ಷೆಯಲ್ಲಿ 40 ಮಿಲಿಮೀಟರಿನ ಬಳೆಯ ಅಗಲ ಬರಿಯ 10 ಮಿಲಿಮೀಟರು. ಆದರೂ ಅದೊಂದಕ್ಕಾಗಿ 300 ಮಿಲಿಮೀಟರು ಉದ್ದಕ್ಕೂ 45 ಮಿಲಿಮೀಟರು ದಪ್ಪದ ಸಲಾಕೆ ಬೇಕಾಗಿತ್ತು.

ಲೆಕ್ಕ ಹಾಕಿ ನೋಡೋಣ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ. 45 ಮಿಲಿಮೀಟರಿನ ಆ ಸಲಾಕೆಯ ತೂಕ ಸುಮಾರು 3.75 ಕಿಲೋಗ್ರಾಂ. ಮೆಟ್ಟಿಲುಗಳನ್ನೆಲ್ಲ ಕೊರೆದು ಮುಗಿಸಿದ ಶಾಫ್ಟಿನ ತೂಕ 1.3 ಕಿಲೋಗ್ರಾಂ. ಉಳಿದ 2.45 ಕಿಲೋಗ್ರಾಂ, ಅಂದರೆ ನೂರಕ್ಕೆ 65 ಭಾಗ, ಸುರುಳಿ ಸುರುಳಿಯಾದ ಸಿಪ್ಪೆಯಾಗಿ ಲೇತಿನ ಕೆಳಗೆ ಬೀಳುತ್ತದೆ. ಹಣ ಕೊಟ್ಟು ಕೊಂಡ ಉಕ್ಕಿನಲ್ಲಿ ಮೂರರಲ್ಲಿ ಎರಡು ಪಾಲನ್ನು, ಮತ್ತೆ ಹಣ ಕೊಟ್ಟು, ಗುಜರಿಯ ಪಾಲು ಮಾಡಿದಂತಾಯಿತು!

ಹೆರೆಯುವ ಸಮಯ ಇದರ ಒಂದು ಅಂಗ ಮಾತ್ರ. ಬಳೆಯ ಒಂದು ಪಕ್ಕವನ್ನು ಮುಗಿಸಿದ ಮೇಲೆ ಶಾಫ್ಟನ್ನು ಬಿಚ್ಚಿ, ತಿರುಗಿಸಿ ಕಟ್ಟಿ, ಇನ್ನೊಂದು ಪಕ್ಕವನ್ನು ಕೊರೆಯಬೇಕು. ಎರಡು ಸಲ ಕಟ್ಟಿದಾಗ ಎರಡು ಪಕ್ಕಗಳ ಕೇಂದ್ರವೂ ಒಂದೇ ರೇಖೆಯಲ್ಲಿ ಬರುವಂತೆ ನೋಡಿಕೊಳ್ಳುವುದು ತಾಳ್ಮೆಯ ಕೆಲಸ. ತಿರುಪು ಮರೆಗೆ ಒಂದು ಉಳಿ, ಕೀಯ ತೋಡಿಗೆ ಮತ್ತೊಂದು ಯಂತ್ರ. ಇಂದು ಗಣಕದ ಆಜ್ಞೆಯಂತೆ ನಡೆಯುವ ಲೇತುಗಳು ಮೆಟ್ಟಿಲುಗಳನ್ನು ಬೇಗನೆ ಕೊರೆಯುತ್ತವೆ, ನಿಜ. ಆದರೆ ಸಿಪ್ಪೆಯಾಗುವ ಉಕ್ಕಿನ ತೂಕವನ್ನು ಗಣಕವೂ ಕಡಮೆ ಮಾಡಲಾರದು.

ಬಲವೇ, ಬಿಗಿತವೇ?

ಹಾಗಾದರೆ ಶಾಫ್ಟನ್ನು ಉದ್ದಕ್ಕೂ ಒಂದೇ ದಪ್ಪ ಮಾಡಿದರೆ ಆಗದೇ? ಆಗುತ್ತದೆಯೋ ಇಲ್ಲವೋ ಎಂಬುದನ್ನು ಊಹೆಯಿಂದ ಹೇಳಬಾರದು, ಲೆಕ್ಕದಿಂದ ಹೇಳಬೇಕು. ಇಲ್ಲಿಯೇ ಭೌತಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ.

ಶಾಫ್ಟು ಎರಡು ಕಷ್ಟಗಳನ್ನು ಸಹಿಸಬೇಕು. ಒಂದು ತಿರುಚು, ಇನ್ನೊಂದು ಬಾಗು. ಒದ್ದೆ ಬಟ್ಟೆಯನ್ನು ಹಿಂಡುವಾಗ ಎರಡು ಕೈಗಳೂ ವಿರುದ್ಧ ದಿಕ್ಕಿನಲ್ಲಿ ತಿರುಗುವಂತೆ, ಎಂಜಿನು ಒಂದು ಕಡೆಯಿಂದಲೂ ಹೊರೆ ಇನ್ನೊಂದು ಕಡೆಯಿಂದಲೂ ಶಾಫ್ಟನ್ನು ತಿರುಚುತ್ತವೆ. ಚಕ್ರದ ಭಾರ ಅದನ್ನು ಬಾಗಿಸುತ್ತದೆ. ತಡೆಯುವ ಬಲ ಶಾಫ್ಟಿನ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಬಾಗದೆ ನಿಲ್ಲುವ ಬಿಗಿತ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವ್ಯಾಸವನ್ನು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿಸಿದರೆ ಬಲ 1.73 ಪಟ್ಟಾದರೆ, ಬಿಗಿತ 2.07 ಪಟ್ಟಾಗುತ್ತದೆ. ಇನ್ನೊಂದು ಸಂಗತಿಯನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಬೆಲೆಬಾಳುವ ಮಿಶ್ರಲೋಹದ ಉಕ್ಕು ಹೆಚ್ಚು ಬಲವುಳ್ಳದ್ದು, ಆದರೆ ಹೆಚ್ಚು ಬಿಗಿತವುಳ್ಳದ್ದಲ್ಲ. ಯಂಗನ ಸ್ಥಿರಾಂಕ ಎಲ್ಲ ಉಕ್ಕುಗಳಿಗೂ ಹೆಚ್ಚು ಕಡಮೆ ಒಂದೇ. ಆದ್ದರಿಂದ ಶಾಫ್ಟು ಬಾಗುತ್ತಿದೆಯೆಂದು ದುಬಾರಿಯ ಉಕ್ಕನ್ನು ಹಾಕಿದರೆ ಹಣ ಹೋಗುವುದೇ ಹೊರತು ಬಾಗು ಹೋಗುವುದಿಲ್ಲ.

ನಮ್ಮ ಉಪಕರಣದ ವಿಷಯವನ್ನು ನೋಡಿ. ದಾರಕ್ಕೆ ಕಟ್ಟುವ ತೂಕ 1 ಕಿಲೋಗ್ರಾಂ. ಅದು ಶಾಫ್ಟಿನ ಕೇಂದ್ರದಿಂದ 12.5 ಮಿಲಿಮೀಟರು ದೂರದಲ್ಲಿ ಎಳೆಯುತ್ತದೆ. ತಿರುಚುವ ಟಾರ್ಕು ಕೇವಲ 0.12 ನ್ಯೂಟನ್-ಮೀಟರು. ಚಕ್ರದ ತೂಕ 15 ಕಿಲೋಗ್ರಾಂ. ಬೇರಿಂಗುಗಳ ನಡುವಣ ಅಂತರ 200 ಮಿಲಿಮೀಟರು. 25 ಮಿಲಿಮೀಟರು ದಪ್ಪದ ಸಮನಾದ ಶಾಫ್ಟನ್ನು ಹಾಕಿದರೆ, ಬಾಗುವಿಕೆಯಿಂದ ಅದರಲ್ಲುಂಟಾಗುವ ಪೀಡನ ಚದರ ಮಿಲಿಮೀಟರಿಗೆ 5 ನ್ಯೂಟನ್ನಿಗಿಂತ ಕಡಮೆ. ಸಾಮಾನ್ಯವಾದ ಮೆದು ಉಕ್ಕು ಶಾಶ್ವತವಾಗಿ ಡೊಂಕಾಗದೆ ಚದರ ಮಿಲಿಮೀಟರಿಗೆ ಸುಮಾರು 250 ನ್ಯೂಟನ್ನನ್ನು ತಡೆಯಬಲ್ಲದು. ಇನ್ನು ಬಾಗು ಎಷ್ಟೆಂದರೆ ನಡುವೆ ಸುಮಾರು 6 ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಆರು ಭಾಗ! 28 ಮತ್ತು 30 ಮಿಲಿಮೀಟರಿನ ನಮ್ಮ ಮೆಟ್ಟಿಲುಗಳು ಯಾವ ಶತ್ರುವಿನೊಡನೆ ಹೋರಾಡಲು ನಿಂತಿದ್ದವೋ ಆ ಶತ್ರುವೇ ಅಲ್ಲಿರಲಿಲ್ಲ.

ಮ್ಯಾಂಚೆಸ್ಟರಿನ ಗಿರಣಿಯಲ್ಲಿ

ಬೇಡದ ದಪ್ಪವನ್ನು ಹೊತ್ತು ತಿರುಗಿದವರು ನಾವೇ ಮೊದಲಿಗರಲ್ಲವೆಂಬುದು ಒಂದು ಸಮಾಧಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹತ್ತಿಯ ಗಿರಣಿಗಳಲ್ಲಿ ಉಗಿಯಂತ್ರವೊಂದರ ಶಕ್ತಿಯನ್ನು ನೂರಾರು ಯಂತ್ರಗಳಿಗೆ ಹಂಚಲು ಗೋಡೆಯಿಂದ ಗೋಡೆಗೆ ಉದ್ದವಾದ ಶಾಫ್ಟುಗಳು ಹಾಯ್ದಿದ್ದವು. ಅವು ಎರಕದ ಕಬ್ಬಿಣದ ಚೌಕಾಕಾರದ ಭಾರಿ ತೊಲೆಗಳು; ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತಿದ್ದವು. ವಿಲಿಯಂ ಫೇರ್‌ಬೇರ್ನ್ ಎಂಬ ತರುಣ ಯಂತ್ರಶಿಲ್ಪಿ 1817ರಲ್ಲಿ ಜೇಮ್ಸ್ ಲಿಲ್ಲಿಯೊಡನೆ ಮ್ಯಾಂಚೆಸ್ಟರಿನಲ್ಲಿ ಪಾಲುದಾರಿಕೆಯನ್ನು ಆರಂಭಿಸಿದನು. ಅವರಿಗೆ ಮೊದಮೊದಲು ಸಿಕ್ಕಿದ ದೊಡ್ಡ ಕೆಲಸವೆಂದರೆ ಮರ್ರೆ ಸಹೋದರರ ಗಿರಣಿಯ ಶಾಫ್ಟುಗಳನ್ನು ಹೊಸದಾಗಿ ಮಾಡಿಕೊಡುವುದು. ಫೇರ್‌ಬೇರ್ನ್ ಆ ಭಾರಿ ತೊಲೆಗಳನ್ನು ತೆಗೆದು, ತೆಳ್ಳಗಿನ ಶಾಫ್ಟುಗಳನ್ನು ಹೂಡಿ, ಅವುಗಳ ವೇಗವನ್ನು ಹೆಚ್ಚಿಸಿದನು.

ಇದರ ಹಿಂದಿರುವ ತತ್ತ್ವ ಸರಳವಾದದ್ದು. ಶಕ್ತಿಯ ರವಾನೆಯೆಂದರೆ ಟಾರ್ಕು ಮತ್ತು ವೇಗಗಳ ಗುಣಲಬ್ಧ. ವೇಗವನ್ನು ನಾಲ್ಕು ಪಟ್ಟು ಮಾಡಿದರೆ ಅದೇ ಶಕ್ತಿಗೆ ಟಾರ್ಕು ನಾಲ್ಕನೆಯ ಒಂದು ಭಾಗ ಸಾಕು. ಬಲ ವ್ಯಾಸದ ಘನವನ್ನು ಅನುಸರಿಸುವುದರಿಂದ ವ್ಯಾಸ 1.59ರಲ್ಲಿ ಒಂದು ಪಾಲಾಗಬಹುದು. ತೂಕ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಎರಡೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಫ್ಟು ಹಗುರವಾದರೆ ಅದನ್ನು ಹೊರುವ ಆಧಾರಗಳೂ, ಅದಕ್ಕೆ ಸಿಕ್ಕಿಸುವ ರಾಟೆಗಳೂ ಹಗುರವಾಗುತ್ತವೆ. ಘರ್ಷಣೆಯಲ್ಲಿ ಕಳೆದುಹೋಗುವ ಶಕ್ತಿಯೂ ಕಡಮೆಯಾಗುತ್ತದೆ. ಒಂದೆಡೆ ಸರಳಗೊಳಿಸಿದರೆ ಹತ್ತೆಡೆ ಉಳಿತಾಯವಾಗುವುದಕ್ಕೆ ಇದೊಂದು ನಿದರ್ಶನ.

ಮೈಕ್ರಾನಿನ ಬೆಲೆ

ಮೆಟ್ಟಿಲುಗಳ ಮಾತು ಮುಗಿದ ಮೇಲೆ ಹಿರಿಯರು ನಮ್ಮ ನೂರನೆಯ ಒಂದು ಭಾಗದ ಷರತ್ತಿನ ಮೇಲೆ ಬೆರಳಿಟ್ಟರು. "ಬೇರಿಂಗು ಕೂರೋ ಕಡೆ ಸರಿ. ಗಾಳಿ ಆಡೋ ಕಡೆ ಈ ಅಳತೆ ಯಾರಿಗೆ ಬೇಕು, ಮೇಷ್ಟ್ರೇ?" ಎಂದು ಕೇಳಿದರು.

ಯಾವ ಯಂತ್ರವೂ ಬರೆದ ಅಳತೆಯನ್ನು ಸರಿಯಾಗಿ ಅಷ್ಟೇ ಕೊಡಲಾರದು. ಸ್ವಲ್ಪ ಹೆಚ್ಚೋ ಕಡಮೆಯೋ ಆಗಿಯೇ ಆಗುತ್ತದೆ. ಎಷ್ಟು ವ್ಯತ್ಯಾಸವನ್ನು ಸಹಿಸಬಹುದೆಂದು ನಕ್ಷೆ ಬರೆಯುವವನು ಮೊದಲೇ ಹೇಳಬೇಕು. ಇದಕ್ಕೆ ಅಂತರರಾಷ್ಟ್ರೀಯ ದರ್ಜೆಗಳಿವೆ. ಭಾರತೀಯ ಮಾನಕ ಐಎಸ್ 919 ಕೂಡ ಅವನ್ನೇ ಕುರಿತದ್ದು. 18ರಿಂದ 30 ಮಿಲಿಮೀಟರಿನವರೆಗಿನ ವ್ಯಾಸಕ್ಕೆ ಒಂಬತ್ತನೆಯ ದರ್ಜೆಯಲ್ಲಿ 52 ಮೈಕ್ರಾನಿನ ವ್ಯತ್ಯಾಸ ಸಲ್ಲುತ್ತದೆ. ಆರನೆಯ ದರ್ಜೆಯಲ್ಲಿ 13 ಮೈಕ್ರಾನು ಮಾತ್ರ. ಮೊದಲನೆಯದನ್ನು ಅಚ್ಚಿನ ಮೂಲಕ ಎಳೆದು ನುಣುಪು ಮಾಡಿದ ಸಲಾಕೆ, ಲೇತನ್ನು ಮುಟ್ಟದೆಯೇ, ಅಂಗಡಿಯಿಂದ ಬಂದಂತೆಯೇ ಕೊಡಬಲ್ಲದು. ಎರಡನೆಯದಕ್ಕೆ ಸಾಣೆ ಹಿಡಿಯಬೇಕು, ಹಿಡಿದು ಹಿಡಿದು ಅಳೆಯಬೇಕು, ಕೆಟ್ಟರೆ ಎಸೆಯಬೇಕು. ಬಿಗಿಯಾದ ಅಳತೆಯನ್ನು ಬರೆಯುವುದಕ್ಕೆ ನಮಗೆ ಬೇಕಾದದ್ದು ಒಂದು ಹನಿ ಮಸಿ. ಅದನ್ನು ಪಾಲಿಸುವುದಕ್ಕೆ ಇನ್ನೊಬ್ಬನಿಗೆ ಬೇಕಾದದ್ದು ಅರ್ಧ ದಿನ.

ನಮ್ಮ ಶಾಫ್ಟಿನಲ್ಲಿ ಸೂಕ್ಷ್ಮವಾದ ಅಳತೆ ಬೇಕಾದದ್ದು ಎರಡೇ ಕಡೆ, ಬೇರಿಂಗು ಕೂರುವಲ್ಲಿ, ತಲಾ 15 ಮಿಲಿಮೀಟರು ಅಗಲಕ್ಕೆ. ಇಲ್ಲೊಂದು ಸ್ವಾರಸ್ಯವಿದೆ. ಸಾಣೆ ಹಿಡಿದು ಆರನೆಯ ದರ್ಜೆಗೆ ತಂದ ಉದ್ದುದ್ದ ಸಲಾಕೆಗಳು ಪೇಟೆಯಲ್ಲಿಯೇ ದೊರೆಯುತ್ತವೆ. ಕಿಲೋಗ್ರಾಮಿಗೆ ಅವುಗಳ ಬೆಲೆ ಹೆಚ್ಚು. ಆದರೆ 25 ಮಿಲಿಮೀಟರಿನ 300 ಮಿಲಿಮೀಟರು ತುಂಡಿನ ತೂಕ 1.16 ಕಿಲೋಗ್ರಾಂ ಮಾತ್ರ. ಅದರಲ್ಲಿ ಹೆರೆದು ಹಾಕುವುದೂ ಬಹುಮಟ್ಟಿಗೆ ಇಲ್ಲ. ದುಬಾರಿಯ ಸಲಾಕೆ ಅಗ್ಗದ ಶಾಫ್ಟನ್ನು ಕೊಟ್ಟಿತು!

25 ಮಿಲಿಮೀಟರು ಎಂದೇ ಏಕೆ ಆರಿಸಬೇಕು? ಅದಕ್ಕೂ ಕಾರಣವಿದೆ. ಬೇರಿಂಗುಗಳು ನಿಯತವಾದ ಗಾತ್ರಗಳಲ್ಲಿ ಬರುತ್ತವೆ. 20 ಮಿಲಿಮೀಟರಿನಿಂದ ಮೇಲೆ ಸಾಮಾನ್ಯವಾಗಿ ಐದೈದು ಮಿಲಿಮೀಟರಿನಂತೆ ಏರುತ್ತವೆ. 6205 ಎಂದು ಕೊರೆದಿರುವ ಬೇರಿಂಗನ್ನು ಕಂಡರೆ ಕೊನೆಯ ಎರಡು ಅಂಕೆಗಳನ್ನು ಐದರಿಂದ ಗುಣಿಸಿ. ಒಳಗಿನ ತೂತಿನ ವ್ಯಾಸ 25 ಎಂದು ತಿಳಿಯುತ್ತದೆ. 26 ಮಿಲಿಮೀಟರಿನ ಶಾಫ್ಟನ್ನು ಬರೆದವನು ಅದಕ್ಕೆ ಒಪ್ಪುವ ಬೇರಿಂಗನ್ನು ಹುಡುಕುತ್ತ ಪೇಟೆಯನ್ನೆಲ್ಲ ಅಲೆಯಬೇಕಾದೀತು.

ಮೆಟ್ಟಿಲಿಲ್ಲದೆ ನಿಲ್ಲಿಸುವುದು ಹೇಗೆ?

ಮೆಟ್ಟಿಲು ಹೋದರೆ ಚಕ್ರವನ್ನೂ ಬೇರಿಂಗನ್ನೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲಿಸುವವರು ಯಾರು? ಇದಕ್ಕೆ ಹಿರಿಯರು ತೋರಿದ ಉಪಾಯ ಬಳೆಗಾರನ ಉಪಾಯವನ್ನೇ ಹೋಲುತ್ತದೆ. ಚಕ್ರದ ಎರಡು ಪಕ್ಕಗಳಲ್ಲೂ ಶಾಫ್ಟಿನ ಮೇಲೆ ಒಂದೊಂದು ಕೊಳವೆಯ ತುಂಡನ್ನು ತೊಡಿಸುವುದು. ಕೊಳವೆಗೆ ತಾಗಿದಂತೆ ಬೇರಿಂಗು. ಬೇರಿಂಗಿನ ಹೊರಗೆ ಸರ್ಕ್ಲಿಪ್ಪು ಎಂಬ ಸ್ಪ್ರಿಂಗಿನ ಉಂಗುರ. ಈ ಉಂಗುರ ಕೂರಲು ಶಾಫ್ಟಿನಲ್ಲಿ ಸುಮಾರು ಅರ್ಧ ಮಿಲಿಮೀಟರು ಆಳದ ಸಣ್ಣದೊಂದು ಗೀರು ಸಾಕು. ಬಳೆ, ತಿರುಪು ಮರೆ, ನಟ್ಟು ಎಲ್ಲವೂ ಹೋದವು; ಅವುಗಳ ಜಾಗಕ್ಕೆ ಪೇಟೆಯಲ್ಲಿ ಸಿಕ್ಕುವ ಎರಡು ಉಂಗುರಗಳೂ ಕೊಯ್ದ ಎರಡು ಕೊಳವೆಗಳೂ ಬಂದವು. ಶಾಫ್ಟಿನ ಎರಡು ತುದಿಗಳೂ ಒಂದೇ ರೀತಿ ಇದ್ದುದರಿಂದ ಜೋಡಿಸುವವನು ಅದನ್ನು ಯಾವ ಕಡೆಯಿಂದ ತೂರಿಸಿದರೂ ಸರಿಯೇ. ತಪ್ಪು ಮಾಡಬೇಕೆಂದರೂ ಅವಕಾಶವಿಲ್ಲ. ಇದು ಅಲ್ಪವಾದ ಲಾಭವಲ್ಲ. ಒಂದೇ ತರಹ ಕಾಣುವ, ಆದರೆ ಒಂದು ಕಡೆ ಎರಡು ಮಿಲಿಮೀಟರು ಹೆಚ್ಚಿರುವ ಶಾಫ್ಟು ಎಷ್ಟೋ ಸಲ ತಿರುವುಮುರುವಾಗಿ ಕೂತು, ಇಡೀ ಯಂತ್ರವನ್ನು ಮತ್ತೆ ಬಿಚ್ಚುವಂತೆ ಮಾಡುತ್ತದೆ.

ಕೀಯ ವಿಷಯದಲ್ಲಿ ಮಾತ್ರ ನಾವು ಉತ್ಸಾಹದಿಂದ ಎಡವಿದೆವು. ಟಾರ್ಕು ಇಷ್ಟು ಕಡಮೆಯಿರುವಾಗ ಕೀ ಏಕೆ, ಚಕ್ರದ ಗುಂಬದಲ್ಲಿ ಒಂದು ಬಿಗಿ ತಿರುಪು ಸಾಕಲ್ಲವೇ ಎಂದು ನಾವೇ ಹೇಳಿ, ಮೊದಲನೆಯ ಉಪಕರಣವನ್ನು ಹಾಗೆಯೇ ಮಾಡಿಸಿದೆವು. ಅದು ಚೆನ್ನಾಗಿಯೇ ತಿರುಗಿತು. ಆದರೆ ಕೆಲವು ವಾರಗಳ ಮೇಲೆ ಚಕ್ರವನ್ನು ಬಿಚ್ಚಲು ಹೋದರೆ ಅದು ಜಗ್ಗಲೇ ಇಲ್ಲ! ತಿರುಪಿನ ಮೊನೆ ನುಣುಪಾದ ಶಾಫ್ಟಿನ ಮೇಲೆ ಒತ್ತಿ ಗುಳಿ ಮಾಡಿತ್ತು. ಗುಳಿಯ ಅಂಚಿನಲ್ಲಿ ಎದ್ದ ಉಕ್ಕಿನ ಮುಳ್ಳು ಚಕ್ರದ ತೂತಿಗೆ ಕಚ್ಚಿಕೊಂಡಿತ್ತು. ಮಿಕ್ಕ ಐದು ಶಾಫ್ಟುಗಳಲ್ಲಿ ತಿರುಪು ತಾಗುವಲ್ಲಿ ಅರದಿಂದ ಸ್ವಲ್ಪ ಚಪ್ಪಟೆ ಮಾಡಿಸಿದೆವು. ಮುಳ್ಳು ಎದ್ದರೂ ತಗ್ಗಿನಲ್ಲಿಯೇ ಉಳಿಯುತ್ತದೆ. ಚಕ್ರ ಸರಾಗವಾಗಿ ಹೊರಬರುತ್ತದೆ. ಎರಡು ನಿಮಿಷದ ಆ ಕೆಲಸವನ್ನು ಉಳಿಸಲು ಹೋಗಿ ನಾವು ಒಂದು ಮಧ್ಯಾಹ್ನವನ್ನು ಕಳೆದುಕೊಂಡಿದ್ದೆವು.

ಮೂಲೆಯಲ್ಲಿ ಅಡಗಿರುವ ಅಪಾಯ

ಇಷ್ಟನ್ನು ಓದಿ, ಎಲ್ಲ ಶಾಫ್ಟುಗಳನ್ನೂ ಹೀಗೆಯೇ ಮಾಡಿಬಿಡಬಹುದೆಂದು ತರುಣ ಓದುಗರು ತಿಳಿಯಬಾರದು. ಸರಳತೆಗೂ ಅಗ್ಗದ ಕೆಲಸಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆಯನ್ನು ದಾಟಿದರೆ ಏನಾಗುತ್ತದೆಂಬುದಕ್ಕೆ ಅದೇ ಕಾರ್ಯಾಗಾರದ ಕಿಟಕಿಯ ಮೇಲೆ ಒಂದು ಸಾಕ್ಷಿಯಿತ್ತು. ಅದು ಒಕ್ಕಣೆಯಂತ್ರವೊಂದರ ಮುರಿದ ಶಾಫ್ಟು. ಮುರಿದ ಮುಖದಲ್ಲಿ ಒಂದು ಅಂಚಿನಿಂದ ಹೊರಟು ಒಂದರೊಳಗೊಂದು ಕೂತ ಕಮಾನುಗಳಂಥ ನಯವಾದ ಗೆರೆಗಳು, ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಟ್ಟ ಗುರುತುಗಳಂತೆ ಕಾಣುತ್ತಿದ್ದವು. ಉಳಿದ ಸ್ವಲ್ಪ ಭಾಗ ಮಾತ್ರ ಒರಟಾಗಿತ್ತು. ಬಿರುಕು ಬಹಳ ದಿನ ನಿಧಾನವಾಗಿ ಒಳಗೆ ಹರಿದು, ಕಡೆಗೊಂದು ದಿನ ಉಳಿದ ಭಾಗ ಒಮ್ಮೆಲೇ ಮುರಿಯಿತೆಂಬುದರ ಲಿಖಿತ ಸಾಕ್ಷ್ಯವದು. ಬಿರುಕು ಹುಟ್ಟಿದ್ದು ಮೆಟ್ಟಿಲಿನ ಮೂಲೆಯಲ್ಲಿ. ಯಾರೋ ಸಮಯ ಉಳಿಸಲೆಂದು ಆ ಮೂಲೆಯನ್ನು ದುಂಡಗೆ ಮಾಡದೆ ಚೂಪಾಗಿ ಕೊರೆದು ಬಿಟ್ಟಿದ್ದರು. "ಪಕ್ಕದಲ್ಲಿ ಆಳು ನಿಂತಿದ್ದ. ಉಳಿದದ್ದು ಅವನ ಪುಣ್ಯ" ಎಂದಷ್ಟೇ ಹೇಳಿ ಹಿರಿಯರು ಅದನ್ನು ಮತ್ತೆ ಕಿಟಕಿಯ ಮೇಲಿಟ್ಟರು.

ಹೀಗೇಕಾಗುತ್ತದೆ? ಬಾಗಿದ ಶಾಫ್ಟು ತಿರುಗುವಾಗ ಅದರ ಮೈಮೇಲಿನ ಪ್ರತಿಯೊಂದು ಬಿಂದುವೂ ಮೇಲೆ ಬಂದಾಗ ಅದುಮಿಸಿಕೊಳ್ಳುತ್ತದೆ, ಕೆಳಗೆ ಹೋದಾಗ ಎಳೆಸಿಕೊಳ್ಳುತ್ತದೆ; ಸುತ್ತಿಗೊಂದು ಸಲ ಈ ಹಿಂಸೆ. ನಿಮಿಷಕ್ಕೆ 1440 ಸುತ್ತಿನಂತೆ ಎಂಟು ಗಂಟೆ ತಿರುಗಿದರೆ 6,91,200 ಸಲ! ಒಂದು ಸಲ ಸಲೀಸಾಗಿ ತಡೆಯುವ ಪೀಡನವನ್ನು ಲೋಹ ಲಕ್ಷಾಂತರ ಸಲ ತಡೆಯಲಾರದು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹೊಳೆಯ ನೀರು ಬಂಡೆಯ ಮೂಲೆಯಲ್ಲಿ ರಭಸವಾಗಿ ಹರಿಯುವಂತೆ ಪೀಡನವೂ ಚೂಪು ಮೂಲೆಯಲ್ಲಿ ದಟ್ಟವಾಗುತ್ತದೆ. ಮೂಲೆಯ ದುಂಡಿನ ತ್ರಿಜ್ಯ ವ್ಯಾಸದ ಹತ್ತನೆಯ ಒಂದು ಭಾಗವಿದ್ದರೆ ಬಾಗುವಿಕೆಯ ಪೀಡನ ಸುಮಾರು 1.7 ಪಟ್ಟು ಏರುತ್ತದೆ. ಐವತ್ತನೆಯ ಒಂದು ಭಾಗವಾದರೆ ಸುಮಾರು 2.7 ಪಟ್ಟು. ನಾವು ಮೆಚ್ಚಿಕೊಂಡ ಸರ್ಕ್ಲಿಪ್ಪಿನ ಗೀರಂತೂ ಇನ್ನೂ ಕೆಟ್ಟದ್ದು. ಮೊದಲ ಅಂದಾಜಿಗೆ ಅದನ್ನು 5 ಪಟ್ಟು ಎಂದು ಹಿಡಿಯುವುದು ವಾಡಿಕೆ. ಆದ್ದರಿಂದಲೇ ಆ ಗೀರು ಬಾಗು ಅತ್ಯಲ್ಪವಾಗಿರುವ ಶಾಫ್ಟಿನ ತುದಿಯ ಕಡೆಗೆ ಇರಬೇಕೇ ಹೊರತು ನಡುವೆ ಇರಕೂಡದು.

ಈ ತಿಳಿವು ಮನುಷ್ಯನಿಗೆ ಸುಲಭವಾಗಿ ಬಂದದ್ದಲ್ಲ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಹಿಂದಿರುಗುತ್ತಿದ್ದ ರೈಲುಗಾಡಿಯ ಮುಂದಿನ ಎಂಜಿನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ನಾವಿಕನೂ ಅನ್ವೇಷಕನೂ ಆದ ದ್ಯುಮೋಂ ದ್ಯುರ್ವಿಲ್ ಅವರಲ್ಲೊಬ್ಬನು. ಕಬ್ಬಿಣ ಅಲುಗಾಟದಿಂದ ಹರಳುಗಟ್ಟಿ ಪೆಡಸಾಗುತ್ತದೆಂದು ಆಗ ಅನೇಕರು ನಂಬಿದ್ದರು. ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ರ್‍ಯಾಂಕಿನ್, ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಮೆಟ್ಟಿಲಿನ ಚೂಪು ಮೂಲೆಯಲ್ಲಿ ಹುಟ್ಟಿ ಒಳಗೆ ಬೆಳೆಯುತ್ತದೆಂದೂ, ಮೂಲೆಯನ್ನು ದುಂಡಗೆ ಮಾಡಬೇಕೆಂದೂ ವಾದಿಸಿದನು. ಮುಂದೆ ಜರ್ಮನಿಯಲ್ಲಿ ವೋಲರ್ ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ ಪರೀಕ್ಷಿಸಿ, 1870ರ ಹೊತ್ತಿಗೆ ಲೋಹದ ದಣಿವಿಗೆ ಲೆಕ್ಕವನ್ನು ಒದಗಿಸಿದನು.

ಎಲ್ಲಿ ಮೆಟ್ಟಿಲು ಬೇಕು?

ಹಾಗೆಂದು ಮೆಟ್ಟಿಲು ಎಲ್ಲ ಕಡೆಯೂ ವ್ಯರ್ಥವಲ್ಲ. ಓರೆ ಹಲ್ಲಿನ ಚಕ್ರಗಳು ತಿರುಗುವಾಗ ಶಾಫ್ಟಿನ ಉದ್ದಕ್ಕೂ ನೂಕುತ್ತವೆ. ಆ ನೂಕನ್ನು ತಡೆಯಲು ಗಟ್ಟಿಯಾದ ಮೆಟ್ಟಿಲೇ ಬೇಕು, ತೆಳುವಾದ ಉಂಗುರ ಸಾಲದು. ಭಾರವಾದ ಹೊರೆಯಿರುವೆಡೆ ಬೇರಿಂಗು ಶಾಫ್ಟಿನ ಮೇಲೆ ಬಿಗಿಯಾಗಿ ಕೂರಬೇಕು. ಶಾಫ್ಟು ಉದ್ದಕ್ಕೂ ಅದೇ ದಪ್ಪವಿದ್ದರೆ ಅಷ್ಟು ದೂರವೂ ಬೇರಿಂಗನ್ನು ಒತ್ತುತ್ತ, ಕೆರೆಯುತ್ತ ತಳ್ಳಬೇಕಾಗುತ್ತದೆ. ಆಗ ಬೇರಿಂಗಿನ ಸ್ಥಾನದಿಂದ ಹೊರಗಿನ ಭಾಗವನ್ನು ಮಿಲಿಮೀಟರಿನ ಕೆಲವು ಹತ್ತಾಂಶಗಳಷ್ಟು ಸಣ್ಣದು ಮಾಡುವುದು ವಿವೇಕ. ಕೊರೆಯುವ ಖರ್ಚು ಸ್ವಲ್ಪ ಹೆಚ್ಚಿದರೂ ಜೋಡಣೆಯ ಖರ್ಚು ಬಹಳ ಇಳಿಯುತ್ತದೆ. ಕೊಳವೆಗಳಲ್ಲೂ ತೊಡಕಿದೆ. ಅವುಗಳ ತುದಿ ನೇರವಾಗಿ ಕೊಯ್ದಿರದಿದ್ದರೆ ಬೇರಿಂಗು ಓರೆಯಾಗುತ್ತದೆ. ಪ್ರತಿಯೊಂದರ ಉದ್ದದ ವ್ಯತ್ಯಾಸವೂ ಕೂಡಿಕೊಂಡು ಕೊನೆಗೆ ಉಂಗುರ ಗೀರಿನಲ್ಲಿ ಕೂರದೆ ಹೋಗಬಹುದು. ಆದಕಾರಣ ಮಾಡಬೇಕಾದದ್ದು ಮೆಟ್ಟಿಲುಗಳನ್ನು ದ್ವೇಷಿಸುವುದಲ್ಲ, ಒಂದೊಂದು ಮೆಟ್ಟಿಲನ್ನೂ ನಿಲ್ಲಿಸಿ, "ನಿನ್ನ ಕೆಲಸವೇನು?" ಎಂದು ಕೇಳುವುದು. ಉತ್ತರ ಹೇಳಿದ ಮೆಟ್ಟಿಲು ಉಳಿಯಲಿ, ಅದರ ಮೂಲೆ ದುಂಡಗಾಗಲಿ; ಉತ್ತರವಿಲ್ಲದ್ದು ಹೋಗಲಿ.

ಇದು ಹೆಚ್ಚು ಯೋಚನೆಯನ್ನು ಬೇಡುವ ದಾರಿ. ಪುಸ್ತಕದ ಚಿತ್ರವನ್ನು ನಕಲು ಮಾಡಲು ನಮಗೆ ಒಂದು ಸಂಜೆ ಸಾಕಾಗಿತ್ತು. ಅದರಿಂದ ಬೇಡದ್ದನ್ನು ತೆಗೆಯಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ನಾವು ಬಳಸಿದ ಭೌತಶಾಸ್ತ್ರವೆಲ್ಲ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ನಾವೇ ಪಾಠ ಹೇಳುತ್ತಿದ್ದುದು. ಆದರೂ ಲೇತಿನ ಮುಂದೆ ಒಬ್ಬರು ಕೇಳುವವರೆಗೆ ಅದನ್ನು ಒಂದು ಸಲಾಕೆಗೆ ಹಚ್ಚಿ ನೋಡಬೇಕೆಂದು ನಮಗೆ ಹೊಳೆದಿರಲಿಲ್ಲ.

ಮಂಜೂರಾದ ಹಣದಲ್ಲಿಯೇ ಆರು ಉಪಕರಣಗಳೂ ತಯಾರಾದವು. ಈಗ ನಮ್ಮ ಪ್ರಯೋಗಶಾಲೆಯಲ್ಲಿ ಫ್ಲೈವ್ಹೀಲಿನ ದಿನ ಯಾರೂ ಬರಿದೆ ನಿಂತು ನೋಡುವುದಿಲ್ಲ. ಪ್ರತಿಯೊಬ್ಬರೂ ದಾರ ಸುತ್ತಿ, ತೂಕ ಬಿಟ್ಟು, ಸುತ್ತುಗಳನ್ನು ಎಣಿಸುತ್ತಾರೆ. ಪ್ರಯೋಗ ಮುಗಿದ ಮೇಲೆ ನಾವು ಅವರಿಗೆ ಇನ್ನೊಂದು ಪ್ರಶ್ನೆಯನ್ನೂ ಕೊಡುತ್ತೇವೆ: ಈ ಉಪಕರಣದಲ್ಲಿ ಇನ್ನೂ ಏನನ್ನು ತೆಗೆದುಹಾಕಬಹುದು, ಏನನ್ನು ತೆಗೆಯಕೂಡದು, ಏಕೆ? ಓದುಗರೂ ತಮ್ಮ ಮನೆಯ ಹತ್ತಿರದ ಹಿಟ್ಟಿನ ಗಿರಣಿಯನ್ನೋ ಪಂಪನ್ನೋ, ಅದು ನಿಂತಿರುವಾಗ, ಒಮ್ಮೆ ನೋಡಿ ಈ ಪ್ರಶ್ನೆಯನ್ನು ಕೇಳಿಕೊಳ್ಳಲಿ.